ಬಯಲಾಟದಿಂದ ಗೇಮಿನ ತನಕ: ಹೊಡೆದಾಡೋ ವೇಷಗಳ ಕಥೆ

ಜಾನಿ ಕೇಜ್ ಅಂತ ಒಬ್ಬ ಸಿನಿಮಾ ನಟ ಅವ್ನೆ. ಕರಾಟೆ, ಕುಂಗ್‌ಫು ಫೈಟಿಂಗ್ ಸಿನಿಮಾಗಳ ಹೀರೋ. ಕಪ್ಪು ಕನ್ನಡಕ, ಬಲು ಜಂಬ. ಆದ್ರೆ ಅವನು ಹೀರೋ ಆಗಿ ಮಾಡಿದ ಒಂದು ಸಿನಿಮಾನೂ ಹೊಸದುರ್ಗದಾಗಿರಲಿ, ಬೆಂಗಳೂರಾಗಿರಲಿ, ಅಮೆರಿಕದಾಗೇ ಇರಲಿ, ಯಾವ ಟಾಕೀಸಿನಾಗೂ ಓಡಿಲ್ಲ. ಯಾಕಂದ್ರೆ ಅಂಥ ಮನುಷ್ಯನೇ ಹುಟ್ಟಿಲ್ಲ. ಅವನು 1992ರಲ್ಲಿ ಬಂದ 'ಮಾರ್ಟಲ್ ಕಾಂಬ್ಯಾಟ್' ಅನ್ನೋ ವಿಡಿಯೋ ಗೇಮಿನ ಒಂದು ಪಾತ್ರ, ಅಷ್ಟೇ.

ಗೇಮಿನ ಕಥೆ ಹಿಂಗೈತೆ. ಇವನಿಗೆ ನಿಜವಾಗ್ಲೂ ಹೊಡೆದಾಡಾಕೆ ಬರಲ್ಲ, ಎಲ್ಲಾ ಕ್ಯಾಮೆರಾ ಚಮತ್ಕಾರ ಅಂತ ಪೇಪರಿನೋರು ಆಡ್ಕೊಂತಾರೆ. ಆ ಮಾತು ಸುಳ್ಳು ಅಂತ ತೋರಿಸಾಕೆ ಅವನು ಜೀವಾನೇ ಹೋಗೋವಂಥ ಪಂದ್ಯಕ್ಕೆ ಇಳೀತಾನೆ. ಈಗ ನೋಡ್ರಿ, ಗೇಮ್ ಆಡೋ ಹುಡುಗ ಜಾನಿ ಕೇಜ್ ಆಗಿರ್ತಾನೆ. ಆ ಜಾನಿ ಕೇಜ್ ತನ್ನ ಸಿನಿಮಾದಾಗೆ ಇನ್ನೊಬ್ಬ ಯಾರೋ ಆಗಿರ್ತಾನೆ. ವೇಷದ ಮ್ಯಾಲೆ ವೇಷ, ಅದರ ಮ್ಯಾಲೆ ಇನ್ನೊಂದು ವೇಷ.

ನಮ್ಮ ವಾರಿಗೆ ಹೆಂಗಸ್ರು ಇದನ್ನ ಕೇಳಿದ್ರೆ 'ಏನ್ ಕಾಲ ಬಂತವ್ವ' ಅಂತಾರೆ. ನಂಗೆ ಹಂಗೇನೂ ಅನ್ನಿಸಲ್ಲ. ಹೊಡೆದಾಡೋ ವೀರನ ವೇಷ ತೊಟ್ಟು ಆಡೋದು ನಮ್ಮ ದುರ್ಗದ ಸೀಮೆಗೆ ಬಲು ಹಳೇ ಸಂಗತಿ. ವೇಷ ಬದಲಾಗೈತೆ, ಆಟ ಅದೇ. ಆ ಹಾದಿ ಹೆಂಗೆ ಬಂತು ಅಂತ ಒಂದು ಸರ್ತಿ ನೋಡ್ಕೊಂಡು ಬರಾಣ ಬರ್ರಿ.

ನೀವ್ಯಾರು, ಎಲ್ಲಿಂದ ಬಂದ್ರಿ?

ನಮ್ ಕಡೆ ಬಯಲಾಟ ಅಂದ್ರೆ ಮೂಡಲಪಾಯ. ಸುಗ್ಗಿ ಮುಗಿದು ಕಣ ಖಾಲಿಯಾದ ಮ್ಯಾಲೆ ಊರೋರೆಲ್ಲಾ ಸೇರಿ ಒಬ್ಬ ಮೇಷ್ಟ್ರನ್ನ ಗೊತ್ತು ಮಾಡಿ ತಿಂಗಳುಗಟ್ಲೆ ಆಟ ಕಲೀತಿದ್ರು. ಹಗಲು ನೇಗಿಲು ಹಿಡಿದೋನು ರಾತ್ರಿಗೆ ಭೀಮ. ಹಗಲು ಕುರಿ ಕಾಯೋನು ರಾತ್ರಿಗೆ ದುಶ್ಶಾಸನ. ಮುಖಕ್ಕೆ ಬಣ್ಣ, ತಲೆಗೆ ಕಿರೀಟ, ಹೆಗಲಿಗೆ ಭುಜಕೀರ್ತಿ, ಕಾಲಿಗೆ ಗೆಜ್ಜೆ. ವೇಷಕ್ಕೆ ಬೇಕಾದ ಜರಿ ಸೀರೆ ಮಾತ್ರ ಮನೆ ಹೆಂಗಸ್ರ ಪೆಟ್ಟಿಗೆಯಿಂದ ಹೋಗ್ತಿತ್ತು. ಬೆಳಗಾಗೋ ತನಕ ಕುಣಿದು ವಾಪಸ್ ಬಂದಾಗ ಅದರ ಗತಿ ಏನಾಗಿರ್ತಿತ್ತು ಅಂತ ನಾನು ಬರೀಬೇಕಿಲ್ಲ.

ಬಯಲಾಟದಾಗೆ ನಂಗೆ ಬಲು ಸೊಗಸು ಅನ್ನಿಸೋದು ಸಾರಥಿ. ಯಾವ ವೇಷ ರಂಗಕ್ಕೆ ಬಂದ್ರೂ ಸೀದಾ ಕಥೆ ಶುರು ಆಗಲ್ಲ. ಮೊದಲು ಸಾರಥಿ ಮಾತಾಡಿಸ್ತಾನೆ. ನೀವ್ಯಾರು, ನಿಮ್ಮ ಊರು ಯಾವುದು, ನಿಮ್ಮ ಪರಾಕ್ರಮ ಎಂಥದು, ಇಲ್ಲಿಗೆ ಬಂದ ಕಾರಣ ಏನು ಅಂತ ಒಂದೊಂದೇ ಕೇಳ್ತಾನೆ. ವೇಷದೋನು ಎಲ್ಲದಕ್ಕೂ ಉತ್ತರ ಕೊಡಬೇಕು. ಕೊಟ್ಟ ಮ್ಯಾಲೆ ಅವನು ಆ ಊರಿನ ರೈತ ಅಲ್ಲ, ಭೀಮನೇ. ಇನ್ನ ಬೆಳಗಿನ ತನಕ ಭೀಮನಂಗೇ ಸಿಟ್ಟು ಮಾಡ್ಕೋಬೇಕು, ಭೀಮನಂಗೇ ಗದೆ ಹಿಡೀಬೇಕು. ಗದೆ ಬಿಟ್ಟು ಬಿಲ್ಲು ಹಿಡಿಯಂಗಿಲ್ಲ.

ಈ ಸಾರಥಿಯನ್ನ ನೆನಪಿನಾಗೆ ಇಟ್ಕೊಳ್ರಿ, ಮುಂದೆ ಅಮೆರಿಕದಾಗೆ ಸಿಗ್ತಾನೆ.

ಇನ್ನೊಂದು ಮಾತು. ಈ ಆಟದಾಗೆ ದ್ರೌಪದಿಯೂ ಗಂಡಸೇ, ಕುಂತಿಯೂ ಗಂಡಸೇ. ಸೀರೆ ನಮ್ದು, ವೇಷ ಅವರದು. ನಾವು ಚಾಪೆ ಹಾಸ್ಕೊಂಡು ಕೂತು ನೋಡೋರು.

ಒನಕೆ ಹಿಡಿದ ಜಯಂತಿ

ಹಂಗಂತ ನಮ್ಮ ಸೀಮೇಲಿ ಹೊಡೆದಾಡಿದ ಹೆಣ್ಣೇ ಇರಲಿಲ್ಲ ಅಂತಲ್ಲ. ದುರ್ಗದ ಕೋಟೆಗೆ ಹೋದೋರೆಲ್ಲಾ ಓಬವ್ವನ ಕಿಂಡಿ ನೋಡದೆ ಬರಲ್ಲ. ಮದಕರಿ ನಾಯಕನ ಕಾಲ. ಹೈದರಾಲಿ ಏಳು ಸುತ್ತಿನ ಕೋಟೆಗೆ ಮುತ್ತಿಗೆ ಹಾಕಿ ಕೂತಿದ್ದ. ಬಾಗಿಲಿಂದ ಒಳಗೆ ಬರಾಕೆ ಆಗದೆ ಬಂಡೆ ನಡುವಿನ ಸಂದಿಯಿಂದ ಸೈನಿಕರನ್ನ ನುಗ್ಗಿಸಾಕೆ ನೋಡಿದ. ಕಾವಲುಗಾರ ಊಟಕ್ಕೆ ಕೂತಿದ್ದ. ನೀರು ತರಾಕೆ ಹೋದ ಅವನ ಹೆಂಡ್ತಿ ಓಬವ್ವ ಅದನ್ನ ಕಂಡಳು. ಮನೆಗೆ ಬಂದು ಒನಕೆ ತಗೊಂಡು ಹೋಗಿ ಕಿಂಡಿ ಪಕ್ಕದಾಗೆ ನಿಂತ್ಕೊಂಡಳು. ತೆವಳ್ಕೊಂಡು ತಲೆ ಹೊರಗೆ ಹಾಕಿದೋನ ತಲೆಗೆ ಒಂದು ಏಟು, ಎಳೆದು ಪಕ್ಕಕ್ಕೆ ಹಾಕೋದು, ಮತ್ತೆ ಮುಂದಿನೋನು. ನಮ್ಮ ಸೀಮೆಯೋರು ಹೇಳ್ಕೊಂಡು ಬಂದ ಕಥೆ ಇದು. ಕೊನೆಗೆ ಅವಳೂ ಉಳೀಲಿಲ್ಲ. 1779ರಲ್ಲಿ ಕೋಟೆಯೂ ಹೈದರಾಲಿ ಪಾಲಾಯ್ತು.

ಒನಕೆ ಹಿಡಿದು ಕುಟ್ಟಿದ ಹೆಂಗಸ್ರಿಗೆ ಈ ಕಥೆ ಬೇರೆ ಥರಾ ಅರ್ಥ ಆಗ್ತೈತೆ. ಒನಕೆ ಅಂದ್ರೆ ಆಳುದ್ದದ ಗಟ್ಟಿ ಕಟ್ಟಿಗೆ, ಕುಟ್ಟೋ ತುದಿಗೆ ಕಬ್ಬಿಣದ ಬಳೆ. ನಡುವೆ ಕೈ ಹಿಡಿಯೋ ಜಾಗ ಸವೆದು ನುಣ್ಣಗಾಗಿರ್ತೈತೆ. ಸಾಮೆ, ನವಣೆ ಕುಟ್ಟೋವಾಗ ಕೈ ಬಲ ಹಾಕಿ ಗುದ್ದಲ್ಲ. ಭುಜದಿಂದ ಎತ್ತಿ, ಅದರ ಭಾರಕ್ಕೆ ಅದೇ ಬೀಳಂಗೆ ಬಿಡೋದು. ಗುರಿ ತಪ್ಪಿದ್ರೆ ಒರಳಿನ ಅಂಚಿಗೆ ಬಡಿದು ಮುಂಗೈ ಜುಮ್ ಅಂತೈತೆ. ಎತ್ತೋವಾಗ ಉಸಿರು ಎಳ್ಕೊಳ್ಳೋದು, ಬಿಡೋವಾಗ 'ಹುಂ' ಅಂತ ಬಿಡೋದು. ಬೆಳಗಿನ ಜಾವ ಎದ್ದು ಒಂದು ಮೊರ ಕುಟ್ಟಿದೋಳಿಗೆ ಅದು ನೂರು ಏಟಿನ ಅಭ್ಯಾಸ. ಕರಾಟೆ ಮೇಷ್ಟ್ರು ಕಲಿಸೋದೂ ಇದನ್ನೇ ಅಲ್ವಾ? ಒಂದೇ ಏಟನ್ನ ಸಾವಿರ ಸಲ ಹೊಡೀರಿ, ಉಸಿರು ಸರಿ ಮಾಡ್ಕೊಳ್ರಿ, ಗುರಿ ತಪ್ಪಬ್ಯಾಡ್ರಿ ಅಂತ. ಓಬವ್ವ ಗರಡಿಗೆ ಹೋಗಿರಲಿಲ್ಲ. ಅವಳ ಗರಡಿ ಅಡಿಗೆ ಮನೆ ಪಕ್ಕದಾಗೇ ಇತ್ತು. ಅವಳು ನಿಂತ ಜಾಗವೂ ನೋಡ್ರಿ, ಎಷ್ಟೇ ಸೈನ್ಯ ಇದ್ರೂ ಆ ಕಿಂಡಿಯಾಗೆ ಒಂದು ಸಲಕ್ಕೆ ಒಬ್ಬನೇ ಬರಾಕೆ ಆಗೋದು.

ಈ ಓಬವ್ವ ನಮಗೆಲ್ಲಾ ಕಣ್ಣಿಗೆ ಕಂಡಿದ್ದು 'ನಾಗರಹಾವು' ಸಿನಿಮಾದಿಂದ. 1972ರ ಡಿಸೆಂಬರ್‌ನಲ್ಲಿ ಬಂದ ಚಿತ್ರ. ತಳುಕಿನ ತ.ರಾ.ಸು. ಅವರ ಕಾದಂಬರಿಗಳು, ಪುಟ್ಟಣ್ಣ ಕಣಗಾಲ್ ನಿರ್ದೇಶನ. ವಿಷ್ಣುವರ್ಧನ್ ರಾಮಾಚಾರಿ ಆಗಿದ್ದು, ಅಂಬರೀಶ್ ಜಲೀಲ ಆಗಿದ್ದು ಅದರಲ್ಲೇ. ದುರ್ಗದ ಕೋಟೆಯಲ್ಲೇ ಚಿತ್ರೀಕರಣ ನಡೀತು. ಅದರಾಗೆ ಒಂದು ಹಾಡಿನಷ್ಟು ಹೊತ್ತು ಮಾತ್ರ ಜಯಂತಿ ಓಬವ್ವ ಆಗಿ ಬರ್ತಾರೆ. ಕಚ್ಚೆ ಸೀರೆ, ಕೈಯಾಗೆ ಒನಕೆ, ಕೆರಳಿದ ಕಣ್ಣು. ಅಷ್ಟೇ ಸಾಕಾಯ್ತು. ಆಮ್ಯಾಲಿಂದ ಓಬವ್ವ ಅಂದ್ರೆ ಜಯಂತಿ ಮುಖ. ಕ್ಯಾಲೆಂಡರಿನಾಗೆ ಅದೇ, ಶಾಲೆ ಗ್ಯಾದರಿಂಗಿನಾಗೆ ಅದೇ. ಜಿಲ್ಲೆಯಾಗೆ ಯಾವ ಶಾಲೆಗೆ ಹೋಗ್ರಿ, ವಾರ್ಷಿಕೋತ್ಸವಕ್ಕೆ ಒಬ್ಬಳು ಹುಡುಗಿ ರಟ್ಟಿನ ಒನಕೆ ಹಿಡಿದು ಬಂದೇ ಬರ್ತಾಳೆ. ಆ ಹುಡುಗಿ ಓಬವ್ವನ ವೇಷ ಹಾಕ್ತಾಳೋ, ಓಬವ್ವನ ವೇಷ ಹಾಕಿದ ಜಯಂತಿಯ ವೇಷ ಹಾಕ್ತಾಳೋ? ಎರಡೂ ಹೌದು. ಜಯಂತಿ 2021ರ ಜುಲೈನಲ್ಲಿ ಹೋಗಿಬಿಟ್ರು. ಅದೇ ವರ್ಷದಿಂದ ಸರ್ಕಾರ ನವೆಂಬರ್ 11ನ್ನ ಓಬವ್ವ ಜಯಂತಿ ಅಂತ ಆಚರಿಸಾಕೆ ಶುರು ಮಾಡ್ತು.

ಕರಾಟೆ ಬರದ ಕರಾಟೆ ಕಿಂಗ್

ನಾವು ಹುಡುಗೀರಾಗಿದ್ದಾಗ, ಅಂದ್ರೆ 1980ರ ಆಚೀಚೆ, ಬಯಲಾಟ ಕಮ್ಮಿ ಆಗ್ತಾ ಟೆಂಟ್ ಸಿನಿಮಾ ಜಾಸ್ತಿ ಆಗ್ತಿತ್ತು. ನೆಲದಾಗೆ ಕೂತು ನೋಡಿ, ಬೆಳಗ್ಗೆ ಎದ್ದ ತಕ್ಷಣ ಗಂಡು ಹುಡುಗ್ರು ಬೀದಿಯಾಗೆ ಅದನ್ನೇ ಆಡೋರು. 'ನಾನು ಕರಾಟೆ ಕಿಂಗ್' ಅಂತ ಮೊದಲು ಕೂಗಿದೋನಿಗೆ ಆ ವೇಷ. ತಡ ಆದೋನು ವಿಲನ್. ಇನ್ನೂ ತಡ ಆದೋನು ವಿಲನ್ನಿನ ಕಡೆಯೋನು, ಅವನ ಕೆಲಸ ಏಟು ತಿಂದು ಬೀಳೋದು. ಹುಡುಗೀರಿಗೆ ಒಂದೇ ಪಾತ್ರ. ಕಂಬಕ್ಕೆ ಕಟ್ಟಿ ಹಾಕಿಸ್ಕೊಂಡು 'ಕಾಪಾಡಿ' ಅಂತ ಕೂಗೋದು.

ಆ ಕರಾಟೆ ಕಿಂಗ್ ಬೇರೆ ಯಾರೂ ಅಲ್ಲ, ಶಂಕರ್ ನಾಗ್. ಜನ ಕೊಟ್ಟ ಬಿರುದು ಅದು. ಸೊಗಸು ಏನಂದ್ರೆ, ಆ ಮನುಷ್ಯ ಯಾವ ಗುರುವಿನ ಹತ್ರನೂ ಕ್ರಮವಾಗಿ ಕರಾಟೆ ಕಲಿತೋರಲ್ಲ. 1954ರಲ್ಲಿ ಹೊನ್ನಾವರದ ಕಡೆ ಹುಟ್ಟಿ, ಮುಂಬೈಗೆ ಹೋಗಿ ಮರಾಠಿ ನಾಟಕ ಆಡ್ಕೊಂಡಿದ್ದೋರು. ಗಿರೀಶ್ ಕಾರ್ನಾಡರು 1978ರ 'ಒಂದಾನೊಂದು ಕಾಲದಲ್ಲಿ' ಚಿತ್ರಕ್ಕೆ ಕರ್ಕೊಂಡು ಬಂದ್ರು. ಅದರಾಗೆ ಅವರು ಕೂಲಿಗೆ ಕತ್ತಿ ಹಿಡಿಯೋ ಗಂಡುಗಲಿ. ಜಪಾನಿನ ಕುರೋಸಾವಾ ಮಾಡಿದ ಸಮುರಾಯ್ ಚಿತ್ರಗಳ ನೆರಳು ಆ ಸಿನಿಮಾದ ಮ್ಯಾಲೆ ಐತೆ. ಮೊದಲ ಚಿತ್ರಕ್ಕೇ ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಟ ಅನ್ನಿಸ್ಕೊಂಡ್ರು. ಅಲ್ಲಿಂದ 12 ವರ್ಷದಾಗೆ ಸುಮಾರು 80 ಚಿತ್ರ. 'ಆಟೋ ರಾಜ' ಬಂದ ಮ್ಯಾಲೆ ಆಟೋದೋರಿಗೆಲ್ಲಾ ಮನೆ ದೇವರಾದ್ರು. ಈ ಕಡೆ 'ಮಿಂಚಿನ ಓಟ', ಆ ಕಡೆ ದೂರದರ್ಶನಕ್ಕೆ 'ಮಾಲ್ಗುಡಿ ಡೇಸ್'. ಆದ್ರೆ ನಮ್ಮ ಬೀದಿ ಹುಡುಗ್ರಿಗೆ ಅದ್ಯಾವುದೂ ಬೇಕಿರಲಿಲ್ಲ. ಅವರಿಗೆ ಬೇಕಾಗಿದ್ದು ಗಾಳಿಯಾಗೆ ಹಾರಿ ಒದೆಯೋ ಆ ಒಂದು ಕಾಲು.

ಕರಾಟೆ ಬರದೋರು ಕರಾಟೆ ಕಿಂಗ್ ಆದ್ರಲ್ಲ, ಅದನ್ನ ಮೋಸ ಅನ್ನಾಕೆ ಆಗ್ತೈತಾ? ಭೀಮನ ವೇಷದ ರೈತ ಯಾವತ್ತೂ ಬಕಾಸುರನ್ನ ಕೊಂದಿರಲಿಲ್ಲ. ಬಯಲಾಟ ನೋಡಿ ಬೆಳೆದ ಜನಕ್ಕೆ ಇದು ಗೊತ್ತಿತ್ತು. ಅದಕ್ಕೇ ನಮ್ಮೋರು ಶಂಕರ್ ನಾಗ್ ಅವರನ್ನ ಜಾನಿ ಕೇಜನ್ನ ಕೇಳಿದಂಗೆ 'ನಿಂಗೆ ನಿಜವಾಗ್ಲೂ ಬರ್ತೈತಾ' ಅಂತ ಕೇಳಲಿಲ್ಲ.

1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ರ ಆನಗೋಡಿನಾಗೆ ಕಾರು ಅಪಘಾತ ಆಗಿ ಶಂಕರ್ ನಾಗ್ ತೀರ್ಕೊಂಡ್ರು. 'ಜೋಕುಮಾರಸ್ವಾಮಿ' ಚಿತ್ರದ ಕೆಲಸಕ್ಕೆ ಹೊರಟಿದ್ರು. ಆಗ ಇನ್ನೂ ದಾವಣಗೆರೆ ಜಿಲ್ಲೆ ಆಗಿರಲಿಲ್ಲ. ಅದು ಬೇರೆ ಆಗಿದ್ದು 1997ರಲ್ಲಿ. ಅಂದ್ರೆ ಅವರು ಹೋಗಿದ್ದು ನಮ್ಮ ಚಿತ್ರದುರ್ಗ ಜಿಲ್ಲೆಯಾಗೇ. ವಯಸ್ಸು ಬರೀ 35. ಕಾರಿನಾಗಿದ್ದ ಹೆಂಡ್ತಿ ಅರುಂಧತಿ ನಾಗ್, ಮಗಳು ಉಳಿದ್ರು. ಆ ಹೆಣ್ಣುಮಗಳು ಮುಂದೆ ಛಲ ಹಿಡಿದು 2004ರಲ್ಲಿ ಬೆಂಗಳೂರಿನಾಗೆ ರಂಗಶಂಕರ ತೆರೆದ್ರು. ಕರಾಟೆ ಕಿಂಗ್‌ಗೆ ಸಾವಿಲ್ಲ, ಈವತ್ತಿಗೂ ಆಟೋ ಹಿಂದೆ ನಗ್ತಾ ಅವ್ನೆ. ಸತ್ತಿದ್ದು ಶಂಕರ್ ನಾಗ್. ಈ ಎರಡರ ನಡುವಿನ ಫರಕು ನಮ್ಮ ಬೀದಿ ಹುಡುಗ್ರಿಗೆ ಅವತ್ತು ಮೊದಲನೇ ಸಲ ಗೊತ್ತಾಯ್ತು.

ಒಂದೊಂದು ಮಹಡಿಗೆ ಒಬ್ಬೊಬ್ಬ

ನಮಗೆ ಶಂಕರ್ ನಾಗ್ ಹೆಂಗೋ, ಲೋಕಕ್ಕೆಲ್ಲಾ ಬ್ರೂಸ್ ಲೀ ಹಂಗೆ. ಅವನು ಮಾತ್ರ ನಿಜವಾಗ್ಲೂ ಕಲಿತೋನು. 1940ರಲ್ಲಿ ಅಮೆರಿಕದಾಗೆ ಹುಟ್ಟಿ, ಹಾಂಗ್‌ಕಾಂಗಿನಾಗೆ ಬೆಳೆದು, ಇಪ್ ಮ್ಯಾನ್ ಅನ್ನೋ ಗುರುವಿನ ಹತ್ರ ವಿದ್ಯೆ ಕಲಿತ. 'ಎಂಟರ್ ದಿ ಡ್ರ್ಯಾಗನ್' ತೆರೆಗೆ ಬರೋ ಮುಂಚೇನೇ 1973ರ ಜುಲೈ 20ರಂದು ತೀರ್ಕೊಂಡ. ಅವನಿಗೆ ಆಗ 32. ನಮ್ಮ ಕಡೆ ಹುಡುಗ್ರು ಎರಡು ಕೋಲಿಗೆ ಹಗ್ಗ ಕಟ್ಟಿ ಗರಗರ ತಿರುಗಿಸಿ ತಮ್ಮ ತಲೆಗೇ ಹೊಡ್ಕೊಂತಿದ್ರಲ್ಲ, ಅದು ಅವನು ಕಲಿಸಿದ ಪಾಠ.

ಅವನು ಅರ್ಧಕ್ಕೆ ಬಿಟ್ಟು ಹೋದ ಒಂದು ಸಿನಿಮಾ 'ಗೇಮ್ ಆಫ್ ಡೆತ್'. ಐದು ಮಹಡಿಯ ಗೋಪುರ. ಒಂದೊಂದು ಮಹಡಿಗೆ ಒಬ್ಬೊಬ್ಬ ಜಟ್ಟಿ ಕಾವಲು. ಕೆಳಗಿನೋನನ್ನ ಸೋಲಿಸಿದ್ರೆ ಮ್ಯಾಲಿನ ಮಹಡಿ. ಬ್ರೂಸ್ ಲೀ ಸತ್ತ ಮ್ಯಾಲೆ, ಅವನಂಗೆ ಕಾಣೋರನ್ನ ನಿಲ್ಲಿಸಿ 1978ರಲ್ಲಿ ಅದನ್ನ ಮುಗಿಸಿದ್ರು. ಆ ಕಥೆಯ ನಾಯಕನೂ ಒಬ್ಬ ಫೈಟಿಂಗ್ ಸಿನಿಮಾ ನಟ. ಹೆಸರು ಬಿಲ್ಲಿ ಲೋ. ಅವನು ಸತ್ತಂಗೆ ನಾಟಕ ಮಾಡ್ತಾನೆ. ಆ ಸುಳ್ಳು ಸಾವಿಗೆ ತೋರಿಸಿದ್ದು ಏನು ಗೊತ್ತೇನ್ರಿ? ಬ್ರೂಸ್ ಲೀಯ ನಿಜವಾದ ಅಂತ್ಯಕ್ರಿಯೆಯ ಚಿತ್ರ. ಇಲ್ಲದ ನಟನ ಸುಳ್ಳು ಸಾವಿಗೆ ಇದ್ದ ನಟನ ನಿಜವಾದ ಹೆಣ. ಇದನ್ನ ಓದಿದಾಗ ನಂಗೆ ಹೊಟ್ಟೆ ತೊಳಸಿದಂಗೆ ಆಯ್ತು.

ಆದ್ರೆ ಆ ಗೋಪುರದ ಲೆಕ್ಕ ಮಾತ್ರ ಗೇಮ್ ಮಾಡೋರಿಗೆ ಬಲು ಹಿಡಿಸ್ತು. 1984ರಲ್ಲಿ ಜಪಾನಿನ 'ಕುಂಗ್‌ಫು ಮಾಸ್ಟರ್' ಅಂತ ಗೇಮ್ ಬಂತು. ಐದು ಮಹಡಿ, ಕೊನೆಗೆ ಒಬ್ಬೊಬ್ಬ ದೊಡ್ಡ ವಿಲನ್. ಈಗ ಮಕ್ಕಳು 'ಅಜ್ಜಿ, ನಾನು ಆರನೇ ಲೆವೆಲ್ಲು' ಅಂತಾವಲ್ಲ, ಅದು ಇಂಥ ಲೆಕ್ಕನೇ. ಏಳು ಸುತ್ತಿನ ಕೋಟೆ ನೋಡಿದೋರಿಗೆ ಇದು ಕಷ್ಟ ಅಲ್ಲ ಬಿಡ್ರಿ. ಒಂದು ಸುತ್ತು ದಾಟಿದ್ರೆ ಇನ್ನೊಂದು ಬಾಗಿಲು. ಹೈದರಾಲಿ ಕಡೆಯೋರು ಬಾಗಿಲು ಬಿಟ್ಟು ಅಡ್ಡದಾರಿಗೆ ಬಂದ್ರು. ಅಡ್ಡದಾರಿಯಾಗೆ ಒನಕೆ ಕಾಯ್ತಿತ್ತು.

ಸಾರಥಿ ಅಮೆರಿಕದಾಗೆ ಸಿಕ್ಕಿದ್ದು

1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಅನ್ನೋ ಇಬ್ಬರು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಅಂತ ಒಂದು ಆಟ ಮಾಡಿದ್ರು. ಅದಕ್ಕೆ ಕಂಪ್ಯೂಟರ್ ಬೇಕಿಲ್ಲ. ಕಾಗದ, ಪೆನ್ಸಿಲ್ಲು, ದಾಳ. ನಾಲ್ಕೈದು ಜನ ಸುತ್ತ ಕೂತ್ಕೊಂತಾರೆ. ಒಬ್ಬ ಕಥೆ ನಡೆಸೋನು. ಉಳಿದೋರು ಒಂದೊಂದು ಪಾತ್ರ. ಆಟ ಶುರು ಆಗೋ ಮುಂಚೆ ಪ್ರತಿಯೊಬ್ಬರೂ ಒಂದು ಹಾಳೆ ತುಂಬಬೇಕು. ನಿನ್ನ ಹೆಸರೇನು, ಯಾವ ಕುಲ, ಬಲ ಎಷ್ಟು, ಬುದ್ಧಿ ಎಷ್ಟು, ಕೈಯಾಗೆ ಏನೈತೆ. ಆಮ್ಯಾಲೆ ಕಥೆ ನಡೆಸೋನು ಹೇಳ್ತಾನೆ: ಎದುರಿಗೆ ಒಂದು ಗುಹೆ ಐತೆ, ಒಳಗಿಂದ ಸದ್ದು ಬರ್ತೈತೆ, ಏನು ಮಾಡ್ತೀಯ? ಅವನು ತನ್ನ ಪಾತ್ರದ ಬಾಯಾಗೆ ಉತ್ತರ ಹೇಳ್ತಾನೆ. ಗೆಲುವೋ ಸೋಲೋ ದಾಳ ಹೇಳ್ತೈತೆ.

ಇದನ್ನ ಓದಿದ ತಕ್ಷಣ ನಂಗೆ ನಮ್ಮ ಸಾರಥಿ ನೆನಪಾದ. ನೀವ್ಯಾರು, ಎಲ್ಲಿಂದ ಬಂದ್ರಿ, ನಿಮ್ಮ ಪರಾಕ್ರಮ ಎಂಥದು. ಅದೇ ಪ್ರಶ್ನೆ! ಒಂದೇ ಫರಕು, ಬಯಲಾಟದಾಗೆ ಕೊನೆಗೆ ಭೀಮನೇ ಗೆಲ್ಲೋದು ಎಲ್ಲರಿಗೂ ಗೊತ್ತು. ಇಲ್ಲಿ ದಾಳ ಬಿದ್ದ ಮ್ಯಾಲೇ ಗೊತ್ತಾಗೋದು.

1996ರಲ್ಲಿ ರಾಬಿನ್ ಲಾಸ್ ಅನ್ನೋರು 'ಫೆಂಗ್ ಶುಯಿ' ಅಂತ ಇದೇ ಜಾತಿಯ ಇನ್ನೊಂದು ಆಟ ಬರೆದ್ರು. ಅದು ಪೂರ್ತಿ ಹಾಂಗ್‌ಕಾಂಗ್ ಫೈಟಿಂಗ್ ಸಿನಿಮಾಗಳ ಮ್ಯಾಲೆ ಕಟ್ಟಿದ್ದು. ಆಡೋರು ಸಿನಿಮಾದಾಗೆ ಬರೋವಂಥ ಪಾತ್ರಗಳನ್ನೇ ಆರಿಸ್ಕೋಬೇಕು. ಮುದುಕ ಗುರು, ಹಠಮಾರಿ ಪೊಲೀಸು, ಕುಂಗ್‌ಫು ಪಟು. ಆ ಪಟ್ಟಿಯಾಗೆ ಯಾವ ವಿದ್ಯೆಯೂ ಇಲ್ಲದ, ನಮ್ಮ ನಿಮ್ಮಂಥ ಸಾಮಾನ್ಯ ಮನುಷ್ಯನ ಪಾತ್ರವೂ ಒಂದೈತೆ. ನಮ್ಮ ಓಬವ್ವಗೆ ಅಳತೆ ತಗೊಂಡು ಹೊಲಿದಂಗೆ ಐತೆ ಆ ಪಾತ್ರ.

ಒಂದೇ ಮೈ, ನಾಲ್ಕು ಬಣ್ಣ

ಈಗ ಜಾನಿ ಕೇಜ್ ಹತ್ರ ವಾಪಸ್ ಬರಾಣ. ಅವನನ್ನ ಮಾಡಿದೋರು ಎಡ್ ಬೂನ್, ಜಾನ್ ಟೋಬಿಯಸ್. ಮೊದಲು ನಿಜವಾದ ನಟ ವ್ಯಾನ್ ಡ್ಯಾಮ್‌ನನ್ನೇ ಗೇಮಿಗೆ ಹಾಕಬೇಕು ಅಂತಿತ್ತು. ಅದು ಆಗಲಿಲ್ಲ. ಅದಕ್ಕೆ ಅವನಂಥ ಒಬ್ಬ ಸುಳ್ಳು ನಟನನ್ನ ಸೃಷ್ಟಿ ಮಾಡಿದ್ರು. ಮಾರನೇ ವರ್ಷ, 1993ರಲ್ಲಿ 'ಸೂಪರ್ ಸ್ಟ್ರೀಟ್ ಫೈಟರ್ 2' ಗೇಮಿನೋರು ಫೇ ಲಾಂಗ್ ಅಂತ ಇನ್ನೊಬ್ಬನನ್ನ ತಂದ್ರು. ಅವನೂ ಹಾಂಗ್‌ಕಾಂಗಿನ ಸಿನಿಮಾ ನಟ, ನೋಡಿದ ತಕ್ಷಣ ಬ್ರೂಸ್ ಲೀ ಅಂತ ಗೊತ್ತಾಗ್ತೈತೆ.

ಮಾರ್ಟಲ್ ಕಾಂಬ್ಯಾಟಿನ ಬೊಂಬೆಗಳು ಬರೆದ ಚಿತ್ರ ಅಲ್ಲ. ನಿಜವಾದ ಜನಕ್ಕೆ ವೇಷ ಹಾಕಿಸಿ, ಕ್ಯಾಮೆರಾ ಮುಂದೆ ಒದೆಯೋದು, ಬೀಳೋದು ಮಾಡಿಸಿ, ಆ ಚಿತ್ರಗಳನ್ನೇ ಗೇಮಿಗೆ ಸೇರಿಸಿದ್ರು. ಜಾನಿ ಕೇಜ್ ಆಗಿ ನಿಂತೋನು ಡೇನಿಯಲ್ ಪೆಸಿನಾ. ಅವನು ಚೀನಾದ ವೂಷು ಕಲಿತ ನಿಜವಾದ ಪಟು. ಅದೇ ಗೇಮಿನಾಗೆ ಮುಖ ಮುಚ್ಕೊಂಡ ನಿಂಜಾಗಳೂ ಅವನೇ. ಹಳದಿ ಬಟ್ಟೆ ಆದ್ರೆ ಸ್ಕಾರ್ಪಿಯನ್, ನೀಲಿ ಆದ್ರೆ ಸಬ್‌ಝೀರೋ, ಹಸಿರು ಆದ್ರೆ ರೆಪ್ಟೈಲ್. ಹಳೇ ಸೀರೆಗೆ ಬಣ್ಣ ಕಟ್ಟಿಸಿ ಹೊಸದು ಅಂತ ಉಟ್ಟಂಗೆ. ಬಯಲಾಟದಾಗೆ ಜನ ಕಮ್ಮಿ ಬಿದ್ರೆ ಒಬ್ಬನೇ ಎರಡು ವೇಷ ಕಟ್ತಿದ್ದ, ಅದೂ ಹಿಂಗೇ. ಹುಡುಗ್ರು ಜಾನಿ ಕೇಜ್, ಸ್ಕಾರ್ಪಿಯನ್ ಇಬ್ಬರನ್ನೂ ಹೊಡೆದಾಡಿಸ್ತಾವಲ್ಲ, ಒಬ್ಬನೇ ಮನುಷ್ಯ ತನ್ನನ್ನ ತಾನೇ ಹೊಡ್ಕೊಂಡಂಗೆ ಆಯ್ತು.

ಇನ್ನ ಹೆಣ್ಣಿನ ಲೆಕ್ಕ. 1991ರ 'ಸ್ಟ್ರೀಟ್ ಫೈಟರ್ 2'ರಲ್ಲಿ ಆರಿಸ್ಕೊಳ್ಳಾಕೆ 8 ಪಾತ್ರ, ಹೆಣ್ಣು ಒಬ್ಬಳೇ, ಚುನ್ ಲೀ. ಮೊದಲ ಮಾರ್ಟಲ್ ಕಾಂಬ್ಯಾಟಿನಾಗೆ 7 ಪಾತ್ರ, ಅಲ್ಲೂ ಹೆಣ್ಣು ಒಬ್ಬಳೇ, ಸೋನ್ಯಾ. ನಮ್ಮ ಬೀದಿ ಆಟಕ್ಕಿಂತ ವಾಸಿ ಅನ್ಕೊಬೇಕು, ಒಬ್ಬಳಾದ್ರೂ ಕಂಬದಿಂದ ಬಿಡಿಸ್ಕೊಂಡು ಒದೆಯಾಕೆ ಬಂದಿದ್ದಾಳೆ. ಈಗ ನಮ್ಮ ಸಮಾಜ ಕಲ್ಯಾಣ ಇಲಾಖೆಯೋರು ವಸತಿ ಶಾಲೆ ಹೆಣ್ಣುಮಕ್ಕಳಿಗೆ ಕರಾಟೆ ಕಲಿಸ್ತಾರೆ. ಅದಕ್ಕೆ ಇಟ್ಟ ಹೆಸರು ಓಬವ್ವ ಆತ್ಮರಕ್ಷಣಾ ಕಲೆ. ಹೆಸರು ಕೇಳಿದ್ರೆ ಸಾಕು, ನಂಗೆ ಖುಷಿ ಆಗ್ತೈತೆ. ವೇಷಕ್ಕೆ ಹಿಡಿದ ರಟ್ಟಿನ ಒನಕೆ ತಿರುಗಿ ನಿಜವಾದ ಒನಕೆ ಆದಂಗೆ.

ಎಷ್ಟು ಲೈಫ್ ಐತೆ?

ಇಷ್ಟೆಲ್ಲಾ ಬರೆದಿದ್ದು ಯಾಕಂದ್ರೆ, ಒಂದು ಸಂಗತಿ ನನ್ನ ಮನಸ್ಸಿನಾಗೆ ಮುಳ್ಳಿನಂಗೆ ಕೂತೈತೆ. 2016ರ ನವೆಂಬರ್ 7. ಬೆಂಗಳೂರು ಹತ್ರ ತಿಪ್ಪಗೊಂಡನಹಳ್ಳಿ ಜಲಾಶಯದಾಗೆ 'ಮಾಸ್ತಿ ಗುಡಿ' ಚಿತ್ರದ ಕೊನೇ ಫೈಟಿಂಗು. ಹೆಲಿಕಾಪ್ಟರಿನಿಂದ ನೀರಿಗೆ ಹಾರಬೇಕು. ಹೀರೋ ಹಾರಿದ್ರು, ಪಾರಾದ್ರು. ಜೊತೆಗೆ ಹಾರಿದ ಖಳನಟರು ಅನಿಲ್, ಉದಯ್ ಮ್ಯಾಲೆ ಬರಲಿಲ್ಲ. ಮೈ ಮ್ಯಾಲೆ ಲೈಫ್ ಜಾಕೆಟ್ ಇರಲಿಲ್ಲ. ಇಬ್ಬರೂ ಗಟ್ಟಿ ಆಳುಗಳು, ಸಿನಿಮಾದಾಗೆ ಹೀರೋನ ಕೈಲಿ ಏಟು ತಿನ್ನೋ ಪಾತ್ರದೋರು. ಅವತ್ತು ಟೀವಿಯಾಗೆ ಆ ಹಾರೋ ದೃಶ್ಯವನ್ನ ಎಷ್ಟು ಸಲ ತೋರಿಸಿದ್ರೋ. ಒಂದೊಂದು ಸಲ ತೋರಿಸಿದಾಗಲೂ ಅವರು ಮತ್ತೆ ಹಾರ್ತಿದ್ರು. ಗೇಮಿನಂಗೆ. ಆದ್ರೆ ಅವರು ಹಾರಿದ್ದು ಒಂದೇ ಸಲ.

ಬೀದಿ ಆಟದಾಗೆ ತಡವಾಗಿ ಬಂದೋನಿಗೆ ಸಿಗ್ತಿದ್ದ ಪಾತ್ರ ನೆನಪೈತಲ್ಲ, ಏಟು ತಿಂದು ಬೀಳೋದು? ಸಿನಿಮಾದಾಗೆ ಅದು ಒಬ್ಬರ ಹೊಟ್ಟೆಪಾಡು. ವೇಷ ಎಷ್ಟು ಜನ ಬೇಕಾದ್ರೂ ಹಾಕಬಹುದು, ಎಷ್ಟು ಸಲ ಬೇಕಾದ್ರೂ ಸಾಯಬಹುದು. ಒಳಗಿನ ಮೈ ಒಂದೇ.

ಹೋದ ಬೇಸಿಗೆ ರಜಕ್ಕೆ ಮಗಳ ಮಗಳು, ಮೈದುನನ ಇಬ್ಬರು ಮೊಮ್ಮಕ್ಕಳು ಬಂದಿದ್ರು. ಮೊಬೈಲ್ ಕಿತ್ಕೊಂಡ್ರೆ ಅಳು, ಕೊಟ್ರೆ ಊಟ ಇಲ್ಲ. ಅದಕ್ಕೆ ಅವರ ಗೇಮನ್ನೇ ನೆಲಕ್ಕೆ ಇಳಿಸಿದೆ. ದಾಳದ ಬದಲು ಚೌಕಾಬಾರದ ನಾಲ್ಕು ಕವಡೆ. ನಾನೇ ಸಾರಥಿ. ಸೀಮೆಸುಣ್ಣದಾಗೆ ಪಡಸಾಲೆ ತುಂಬ ಏಳು ಸುತ್ತಿನ ಕೋಟೆ ಬರೆದೆ. ದೊಡ್ಡ ಹುಡುಗ ಜಾನಿ ಕೇಜ್ ಆದ. ಸಣ್ಣೋನು 'ನಾನು ಕರಾಟೆ ಕಿಂಗ್' ಅಂದ, ಅವರಪ್ಪ ಹೇಳಿಕೊಟ್ಟಿರಬೇಕು. ಹುಡುಗಿ ಓಬವ್ವ ಅಂದಳು.

'ಅವಳು ಬ್ಯಾಡ, ಅವಳು ಕೊನೆಗೆ ಸಾಯ್ತಾಳೆ' ಅಂದ ದೊಡ್ಡೋನು.

'ನಿನ್ ಜಾನಿ ಕೇಜ್ ಹುಟ್ಟೇ ಇಲ್ಲ ಕಣೋ' ಅಂದಳು ಅವಳು.

ಆಮ್ಯಾಲೆ 'ಅಜ್ಜಿ, ನಮ್ಗೆ ಎಷ್ಟು ಲೈಫ್?' ಅಂತ ಮೂವರೂ ಕೇಳಿದ್ರು. ಒಂದೇ ಅಂದೆ. ದೊಡ್ಡ ಗಲಾಟೆ ಆಯ್ತು. ನಾನು ಬಗ್ಗಲಿಲ್ಲ. ಕವಡೆ ಹೆಂಗೆ ಬೀಳ್ತೈತೋ ನಮ್ಮ ಕೈಯಾಗಿಲ್ಲ. ಹಾಲುರಾಮೇಶ್ವರದ ಗಂಗಮ್ಮನ ಹೊಂಡದ ಮುಂದೆ ಬೇಡ್ಕೊಂಡು ಕೂರೋರಿಗೂ ಏನು ತೇಲಿ ಬರ್ತೈತೋ ಮೊದಲೇ ಗೊತ್ತಿರಲ್ಲ, ಕಾಯಬೇಕು. ಕೈಯಾಗಿರೋದು ಅಂದ್ರೆ, ಕವಡೆ ಹಾಕೋ ಮುಂಚೆ ಯೋಚನೆ ಮಾಡೋದು ಒಂದೇ. ಅದಕ್ಕೇ ಹಾಳೆಯಾಗೆ ಹೆಸರು, ಬಲ, ಕೈಯಾಗೆ ಏನೈತೆ ಅನ್ನೋದರ ಕೆಳಗೆ ನಾನೊಂದು ಪ್ರಶ್ನೆ ಸೇರಿಸಿದೆ: ಮನೆಯಾಗೆ ನಿನಗೋಸ್ಕರ ಯಾರು ಕಾಯ್ತಾ ಅವ್ರೆ?

ಹುಡುಗಿ ಬೇಗ ಬರೆದಳು. ಗಂಡ ಊಟಕ್ಕೆ ಕೂತವ್ನೆ, ನೀರು ಕೇಳ್ತಾನೆ ಅಂತ. ಕರಾಟೆ ಕಿಂಗ್ 'ಅಮ್ಮ' ಅಂತ ಬರೆದ. ಜಾನಿ ಕೇಜ್ ಮಾತ್ರ ಪೆನ್ಸಿಲ್ ಕಚ್ಕೊಂಡು ಬಹಳ ಹೊತ್ತು ಕೂತಿದ್ದ. ಗೇಮಿನಾಗೆ ಅವನಿಗೆ ಮನೆ ತೋರಿಸೇ ಇಲ್ಲವಂತೆ. ಕೊನೆಗೆ 'ಒಂದು ನಾಯಿ' ಅಂತ ಬರೆದ.

ಅವತ್ತಿಂದ ಜಾನಿ ಕೇಜ್ ಕಿಂಡಿ ಹತ್ರ ಬಂದಾಗಲೆಲ್ಲಾ ಕವಡೆ ಕೈಯಾಗೇ ಹಿಡ್ಕೊಂಡು ಹಿಂದೆ ಮುಂದೆ ನೋಡ್ತಾನೆ. ನಾಯಿಗೆ ಊಟ ಹಾಕೋರು ಯಾರು ಅಂತ.